ಒಳ್ಳೆಯ ಕಾರಣಗಳಿಗಾಗಿಯೇ ಕಳೆದುಹೋದ ಸುಖಗಳು: ನಿಮ್ಮ ಮನೆಯಲ್ಲಿ ಹೇಗೆ?

ಮಾಳಿಗೆ ಮನೆ, ಕಲಬುರಗಿ

ಕುಡಿತ, ಇಸ್ಪೀಟು, ಸಾಲ ಅಂತ ಬದುಕು ಹಾಳು ಮಾಡಿಕೊಂಡವರ ಕಥೆ ಎಲ್ಲರಿಗೂ ಗೊತ್ತು. ನಾನು ಕೇಳಬೇಕು ಅಂದುಕೊಂಡಿರುವುದು ಬೇರೆ. ಯಾವ ಚಟವೂ ಇಲ್ಲದೆ, ಯಾರಿಗೂ ಮೋಸ ಮಾಡದೆ, ಬರೀ ಒಳ್ಳೆಯ ಕಾರಣಗಳಿಗಾಗಿ ಸುಖ ಬಿಟ್ಟುಕೊಟ್ಟವರ ಬಗ್ಗೆ. ದೇವರ ಸೇವೆ, ನೌಕರಿ, ಹೊಲದ ನ್ಯಾಯ. ಇವುಗಳಲ್ಲಿ ಯಾವುದನ್ನೂ ತಪ್ಪು ಅನ್ನೋಕಾಗಲ್ಲ, ಅಲ್ವಾ? ಅದಕ್ಕೇ ಇದು ಜಾಸ್ತಿ ನೋಯಿಸುತ್ತದೆ.

ನಮ್ಮ ಅಪ್ಪಾಜಿ ಜೇವರ್ಗಿ ಕಡೆಯವರು. ಮೇಷ್ಟ್ರಾಗಿ ಸೇರಿ, ರಾತ್ರಿ ಓದಿ ಪದವಿ ಮುಗಿಸಿ, ಹೆಡ್ ಮಾಸ್ಟರ್ ಆಗಿ, ಕೊನೆಗೆ ಆಫೀಸರ್ ಆಗಿ ನಿವೃತ್ತರಾದರು. ಗುರುವಾರ ಬಂದರೆ ಗಾಣಗಾಪುರ ತಪ್ಪುತ್ತಿರಲಿಲ್ಲ. ಸಂಗಮದಲ್ಲಿ ಸ್ನಾನ, ಪಾದುಕೆ ದರ್ಶನ, ಐದು ಮನೆ ಭಿಕ್ಷೆ. ರಜೆ ಸಿಗದಿದ್ದರೆ ರಾತ್ರಿ ಬಸ್ಸಿಗೆ ಹೋಗಿ ಬೆಳಿಗ್ಗೆ ಶಾಲೆಗೆ ಬಂದು ನಿಲ್ಲುತ್ತಿದ್ದರು. ಇದರ ಮೇಲೆ ಕಾಕಾನ ಜೊತೆ ಹೊಲದ ಕೇಸು. ಬಾವಿ ಇರುವ ನಾಲ್ಕು ಎಕರೆ ಯಾರ ಪಾಲಿಗೆ ಅನ್ನೋದೇ ಜಗಳ. ಕಲಬುರಗಿಗೆ ಹೈಕೋರ್ಟ್ ಪೀಠ ಬಂದಿದ್ದು 2008ರಲ್ಲಿ. ಅದಕ್ಕೆ ಮೊದಲು ಅಪೀಲು ಅಂದರೆ ಬೆಂಗಳೂರು. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಕಾಗದದ ಚೀಲ ತಲೆಯಡಿ ಇಟ್ಟುಕೊಂಡು ಹೋಗುವುದು, ಮುಂದಿನ ತಾರೀಖು ಕೇಳಿಕೊಂಡು ಬರುವುದು.

ಕೊನೆಯ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದರು. ಕೇಸಿನ ಮಾತು ಎತ್ತಲಿಲ್ಲ, ನೌಕರಿ ಮಾತೂ ಇಲ್ಲ. ಒಂದು ದಿನ ಕೇಳಿದರು: ‘ಸೀತನಿ ಬಂದಾವೇನು?’

ನಮ್ಮ ಕಡೆಯವರಲ್ಲದವರಿಗೆ ಹೇಳುತ್ತೇನೆ. ಹಿಂಗಾರಿ ಜೋಳದ ತೆನೆ ಹಾಲು ತುಂಬಿ, ಕಾಳು ಇನ್ನೂ ಹಸಿರಾಗಿರುವಾಗ ಕೊಯ್ದು, ಹೊಲದಲ್ಲೇ ಕುಳ್ಳಿನ ಕೆಂಡದಲ್ಲಿ ಸುಡುತ್ತಾರೆ. ತೆನೆಯ ಬೂದಿ ಕೊಡವಿ, ಬಿಸಿ ಇರುವಾಗಲೇ ಅಂಗೈಯಲ್ಲಿ ಉಜ್ಜಬೇಕು. ಕೈ ಸುಡುತ್ತದೆ, ಆದರೂ ಬಿಡಬಾರದು. ಹೊಟ್ಟು ಊದಿದರೆ ಮುತ್ತಿನಂಥ ಕಾಳು ಉಳಿಯುತ್ತವೆ. ಶೇಂಗಾ ಹಿಂಡಿ, ಬೆಲ್ಲ, ಒಂದು ತುಣುಕು ಕೊಬ್ಬರಿ. ಇದನ್ನು ಒಬ್ಬರೇ ಕೂತು ತಿನ್ನುವ ರೂಢಿಯೇ ಇಲ್ಲ. ಒಬ್ಬರು ಸುಡಬೇಕು, ಒಬ್ಬರು ಉಜ್ಜಬೇಕು, ಮಕ್ಕಳು ಕೈಯೊಡ್ಡಿ ಕೂತಿರಬೇಕು.

ತಂದುಕೊಟ್ಟೆವು. ಹಲ್ಲಿರಲಿಲ್ಲ. ನಾಲ್ಕು ಕಾಳು ಬಾಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: ‘ನಿಮ್ಮ ಜೋಡಿ ಹೊಲದಾಗ ಕುಂತು ತಿಂದಿದ್ದು ಒಂದ್ಸಲನೂ ನೆನಪಿಲ್ಲ ನೋಡು. ಪ್ರತಿ ಸಲ ಏನಾರ ಕೆಲಸ ಇರ್ತಿತ್ತು. ಎಲ್ಲಾ ಕೆಲಸನೂ ಖರೇನ ಇದ್ದವು.’

ಆ ಕೊನೆಯ ಮಾತು ನನ್ನನ್ನು ಬಿಡುತ್ತಿಲ್ಲ. ಕೆಲಸ ಸುಳ್ಳಾಗಿದ್ದರೆ ಬೈದುಕೊಂಡು ಸುಮ್ಮನಾಗಬಹುದಿತ್ತು. ನಿಮ್ಮ ಮನೆಗಳಲ್ಲಿ ಹೀಗೆ ಆಗಿದೆಯಾ? ಇದ್ದರೆ ಬರೆಯಿರಿ. ಸಮಾಧಾನದ ಮಾತು ಬೇಡ, ಆಗಿದ್ದನ್ನು ಬರೆಯಿರಿ.

ಭೀಮಾ ದಂಡೆ, ಯಾದಗಿರಿ

ಓದಿ ನಮ್ಮವ್ವನ ನೆನಪಾಯಿತು ಅಣ್ಣಾರ.

ಎಳ್ಳಮಾವಾಸ್ಯೆ ಅಂದರೆ ನಮ್ಮಲ್ಲಿ ಊರಿಗೆ ಊರೇ ಹೊಲದಲ್ಲಿ. ಅವ್ವ ಹಿಂದಿನ ರಾತ್ರಿಯಿಂದಲೇ ಒಲೆ ಮುಂದೆ. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಕಡುಬು, ಗಡಿಗೆ ತುಂಬ ಅಂಬಲಿ. ಆಮೇಲೆ ಭಜ್ಜಿ. ಹಸಿ ತೊಗರಿಕಾಳು, ಕಡಲೆ, ಅವರೆ, ಬದನೆಕಾಯಿ, ಸಿಕ್ಕ ಸೊಪ್ಪೆಲ್ಲ ಸೇರಿಸಿ ಕುದಿಸಿದರೆ ಓಣಿಯೆಲ್ಲ ಘಮ್ ಅನ್ನುತ್ತಿತ್ತು. ಬುಟ್ಟಿ ಕಟ್ಟಿ ಬಂಡಿಗೆ ಏರಿಸುವವರೆಗೂ ಅವಳೇ. ಬಂಡಿ ಹೊರಟಾಗ ಅವಳು ಬಾಗಿಲಲ್ಲಿ.

ಯಾಕೆ? ಮನೆಯಲ್ಲಿ ನಂದಾದೀಪ ಇತ್ತು. ಅದು ಆರಬಾರದು. ಅಜ್ಜಿಯ ಹರಕೆ ಅದು. ಯಾರಾದರೂ ಒಬ್ಬರು ಇರಲೇಬೇಕು, ಆ ಒಬ್ಬರು ಯಾವಾಗಲೂ ಅವ್ವನೇ. ನಾವು ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರ ಪೂಜೆ ಮಾಡಿ, ಸುತ್ತ ಚರಗ ಚೆಲ್ಲಿ, ಹೊಟ್ಟೆ ಬಿರಿಯೆ ತಿಂದು ಸಂಜೆ ಬರುತ್ತಿದ್ದೆವು. ಉಳಿದದ್ದನ್ನು ಅವಳು ಉಣ್ಣುತ್ತಿದ್ದಳು.

ಅದೇ ಹೊಲಕ್ಕೆ ಕಳೆ ಕೀಳಲು ಬರುತ್ತಿದ್ದಳು. ತೊಗರಿ ಕೊಯ್ಯಲು ಬರುತ್ತಿದ್ದಳು. ಉಣ್ಣಲು ಮಾತ್ರ ಬರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಒಂದು ವರ್ಷ ನಾನೇ ಹಟ ಹಿಡಿದು ಕರೆದುಕೊಂಡು ಹೋದೆ. ದೀಪಕ್ಕೆ ಎಣ್ಣೆ ಜಾಸ್ತಿ ಹಾಕಿಟ್ಟೆವು. ಇಡೀ ಹೊತ್ತು ಅವಳಿಗೆ ಮನೆಯದೇ ಚಿಂತೆ. ಊಟ ಮಾಡುವಾಗಲೂ ಊರ ಕಡೆಗೇ ನೋಡುತ್ತಿದ್ದಳು. ಅಷ್ಟು ವರ್ಷ ಆದ ಮೇಲೆ ಕರೆದರೆ ಹಾಗೇ ಆಗುತ್ತದೆ ಅನ್ನಿಸುತ್ತದೆ.

ಶ್ರೀಶೈಲದ ದಾರಿ, ಆಳಂದ

ಇಬ್ಬರ ಬರಹವೂ ಮನಸ್ಸಿಗೆ ತಾಗಿತು. ಆದರೆ ಒಂದು ಮಾತು ಹೇಳಲೇಬೇಕು. ಭಕ್ತಿಯನ್ನು ಸುಖದ ಎದುರಿಗೆ ನಿಲ್ಲಿಸಬೇಡಿ.

ನಾನು ಯುಗಾದಿಗೆ ಶ್ರೀಶೈಲಕ್ಕೆ ನಡೆದುಕೊಂಡು ಹೋಗುವವನು. ಮಲ್ಲಯ್ಯನ ಕಂಬಿ ಹೊತ್ತವರ ಜೊತೆ. ನಲ್ಲಮಲ ಕಾಡು ಶುರುವಾದ ಮೇಲೆ ಕಾಲು ನಿಮ್ಮ ಮಾತು ಕೇಳುವುದಿಲ್ಲ. ಭೀಮನ ಕೊಳ್ಳ ಇಳಿಯುವಾಗ ಮೊಣಕಾಲು ನಡುಗುತ್ತವೆ. ಅಲ್ಲಿಂದ ಕೈಲಾಸ ಬಾಗಿಲಿನವರೆಗೆ ಮೆಟ್ಟಿಲು ಏರುವಾಗ ಗುರುತಿಲ್ಲದ ಹೆಣ್ಣುಮಗಳೊಬ್ಬಳು ತನ್ನ ತಂಬಿಗೆಯಿಂದ ನೀರು ಕೊಡುತ್ತಾಳೆ. ರಾತ್ರಿ ಬಯಲಲ್ಲಿ ಮಲಗಿದರೆ ಮೇಲೆ ಚುಕ್ಕಿ, ಪಕ್ಕದಲ್ಲಿ ಯಾರೋ ಮಲ್ಲಯ್ಯನ ಪದ ಹಾಡುತ್ತಿರುತ್ತಾರೆ. ನನ್ನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಸುಖ ಕಂಡಿಲ್ಲ. ಪಾದ ಒಡೆದು ರಕ್ತ ಬಂದರೂ ನಗುತ್ತಾ ನಡೆದಿದ್ದೇವೆ.

ಅಪ್ಪಾಜಿಗೆ ಗಾಣಗಾಪುರದಲ್ಲಿ ಅಂಥ ಸುಖ ಸಿಕ್ಕಿರಲಿಕ್ಕಿಲ್ಲ ಅಂತ ಯಾಕೆ ಅಂದುಕೊಳ್ಳುತ್ತೀರಿ? ಭೀಮೆ-ಅಮರ್ಜೆ ಕೂಡುವ ಜಾಗದಲ್ಲಿ ಬೆಳಗಿನ ಜಾವ ನೀರಲ್ಲಿ ನಿಂತವರಿಗೆ ಗೊತ್ತು ಅದೇನು ಅಂತ. ಅದನ್ನು ನಷ್ಟದ ಲೆಕ್ಕಕ್ಕೆ ಬರೆಯಬೇಡಿ ಅಣ್ಣಾರ.

ಆದರೆ ಭೀಮಾ ದಂಡೆಯವರ ಅವ್ವನ ವಿಷಯ ಬೇರೆ. ಹರಕೆ ಹೊತ್ತವರು ಒಬ್ಬರು, ಅದನ್ನು ಹೊತ್ತು ಬದುಕಿದವರು ಇನ್ನೊಬ್ಬರು. ಅದು ಭಕ್ತಿ ಅಲ್ಲ, ಪಾಳಿ ಹಚ್ಚದೆ ಒಬ್ಬರ ಮೇಲೆ ಹೊರಿಸಿದ ಕೆಲಸ. ಪಾಳಿ ಹಚ್ಚಿದ್ದರೆ ದೀಪವೂ ಉರಿಯುತ್ತಿತ್ತು, ಅವ್ವನೂ ಹೊಲಕ್ಕೆ ಹೋಗುತ್ತಿದ್ದರು.

ಮಾಳಿಗೆ ಮನೆ, ಕಲಬುರಗಿ

ನಿಮ್ಮ ಮಾತು ಒಪ್ಪುತ್ತೇನೆ ಅಣ್ಣಾರ. ಸಂಗಮದಿಂದ ಬಂದ ದಿನ ಅಪ್ಪಾಜಿಯ ಮುಖವೇ ಬೇರೆ ಇರುತ್ತಿತ್ತು. ಅದನ್ನು ನಾನು ಮರೆತಿದ್ದೆ. ಕೋರ್ಟಿನಿಂದ ಬಂದ ದಿನ ಆ ಮುಖ ಇರುತ್ತಿರಲಿಲ್ಲ.

ಇನ್ನೊಂದು ನೆನಪಾಯಿತು. ನಮ್ಮೂರ ಬೇಸಿಗೆ ಗೊತ್ತಲ್ಲ. ಆಗ ಎಲ್ಲರೂ ಮಾಳಿಗೆ ಮೇಲೆ ಮಲಗೋದು. ಸಂಜೆ ನಾವು ಮಕ್ಕಳು ಕೊಡ ಹೊತ್ತು ಹೋಗಿ ಮಾಳಿಗೆಯ ಶಹಾಬಾದ್ ಫರಸಿಗೆ ನೀರು ಚೆಲ್ಲುತ್ತಿದ್ದೆವು. ಕಲ್ಲು ಚುಸ್ ಅಂತ ನೀರು ಕುಡಿದು ಬಿಸಿ ಹಬೆ ಬಿಡುತ್ತಿತ್ತು. ಅದು ಆರಿದ ಮೇಲೆ ಚಾಪೆ ಹಾಸಿ, ಹರವಿ ನೀರು ಪಕ್ಕದಲ್ಲಿಟ್ಟು, ಅಜ್ಜಿ ಕಥೆ. ಅಕ್ಕಪಕ್ಕದ ಮಾಳಿಗೆಯವರೂ ಅಲ್ಲಿಂದಲೇ ಕಥೆಗೆ ಹೂಂಗುಟ್ಟೋರು. ಅಪ್ಪಾಜಿ ಮಾತ್ರ ಕೆಳಗೆ, ಆ ಸೆಕೆಯಲ್ಲಿ, ಟ್ಯೂಬ್‌ಲೈಟ್ ಕೆಳಗೆ. ಇಲಾಖೆ ಪರೀಕ್ಷೆ ಇದ್ದರೆ ಪುಸ್ತಕ, ಇಲ್ಲದಿದ್ದರೆ ಕೇಸಿನ ಕಾಗದ. ಮೇಲೆ ನಮ್ಮ ನಗು ಜಾಸ್ತಿಯಾದರೆ ‘ಗದ್ದಲ ಕಡಿಮಿ ಮಾಡ್ರಿ’ ಅಂತ ಕೆಳಗಿನಿಂದ ಕೂಗುತ್ತಿದ್ದರು.

ಅವರು ಓದಿದ್ದಕ್ಕೇ ನಾವು ಇವತ್ತು ಹೀಗಿದ್ದೇವೆ. ಅದು ನನಗೆ ಗೊತ್ತಿದೆ.

ನಿವೃತ್ತ ಶಿಕ್ಷಕ, ಭಾಲ್ಕಿ

ತಮ್ಮಾ, ಕೊನೆಯ ಸಾಲು ಬರೆದದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ನಾನು ಬರೆಯುತ್ತಿದ್ದೆ.

ನಿಮ್ಮ ತಂದೆಯವರದ್ದು ನನ್ನದೇ ತಲೆಮಾರು. ನಾವು 1972ರ ಬರಗಾಲ ಕಂಡವರು. ಬಾವಿ ತಳ ಕಂಡಿತ್ತು, ದನ ಕೇಳುವವರಿರಲಿಲ್ಲ. ಒಳ್ಳೆಯ ಮನೆತನದವರು ರಸ್ತೆ ಕೆಲಸಕ್ಕೆ ಹೋಗಿ ಜಲ್ಲಿ ಒಡೆದರು. ಹೊರಗಿನಿಂದ ಬಂದ ಕೆಂಪು ಜೋಳದ ರೊಟ್ಟಿ ತಿಂದೆವು. ರೊಟ್ಟಿ ತಟ್ಟಿದರೆ ಒಡೆಯುತ್ತಿತ್ತು, ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನನ್ನ ತಾಯಿ ಅದನ್ನು ನೀರಲ್ಲಿ ನೆನೆಸಿ ನಮಗೆ ಕೊಟ್ಟು, ತಾನು ಆ ನೀರು ಕುಡಿದದ್ದನ್ನು ನೋಡಿದ್ದೇನೆ. ಆ ವರ್ಷ ನಮ್ಮ ಊರಿನಲ್ಲಿ ತಿಂಗಳಿಗೊಮ್ಮೆ ತಪ್ಪದೆ ದುಡ್ಡು ಬಂದದ್ದು ಒಬ್ಬರ ಮನೆಗೆ ಮಾತ್ರ. ಅವರು ಮೇಷ್ಟ್ರು.

ಅದನ್ನು ಕಂಡ ಹುಡುಗ ನೌಕರಿ ಬಿಟ್ಟು ಸೀತನಿ ತಿನ್ನಲು ಹೋಗುವುದಿಲ್ಲ. ಈಗಿನವರು ಅದನ್ನು ಮಹತ್ವಾಕಾಂಕ್ಷೆ ಅನ್ನುತ್ತಾರೆ. ನಮಗೆ ಅದು ಹೊಟ್ಟೆಯ ಹೆದರಿಕೆ. ಬಡ್ತಿ ಬಂದ ಮೇಲೂ, ಮನೆ ಕಟ್ಟಿದ ಮೇಲೂ, ಪೆನ್ಶನ್ ಶುರುವಾದ ಮೇಲೂ ಆ ಹೆದರಿಕೆ ಹೋಗಲಿಲ್ಲ. ಇಲ್ಲಿ ಮಾತ್ರ ನಿಮ್ಮ ಮಾತು ಸರಿ. ಮಳೆ ಬಂದು ಕೆರೆ ತುಂಬಿ ವರ್ಷಗಳಾದರೂ ನಾವು ಬರಗಾಲದಲ್ಲೇ ಬದುಕಿದೆವು. ಮನೆಯವರು ಮೊಮ್ಮಕ್ಕಳನ್ನು ಕರೆದುಕೊಂಡು ಕಾರಂಜಾ ಜಲಾಶಯ ನೋಡಲು ಹೊರಟರೆ ನಾನು ಟ್ಯೂಷನ್ ತಪ್ಪುತ್ತದೆ ಅಂತ ಉಳಿಯುತ್ತಿದ್ದೆ. ಆಗ ನನಗೆ ಆ ಟ್ಯೂಷನ್ ದುಡ್ಡು ಬೇಕಾಗಿರಲಿಲ್ಲ.

ತಾಂಡಾ ಹುಡುಗ, ಚಿತ್ತಾಪುರ

ಸರ್, ನಿಮ್ಮ ಬರಗಾಲ ಮುಗಿಯಿತು. ನಮ್ಮ ಲಂಬಾಣಿ ತಾಂಡಾದಲ್ಲಿ ಪ್ರತಿ ವರ್ಷ ಅದೇ.

ದೀಪಾವಳಿಗೆ ನಮ್ಮ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಹಾಡುತ್ತಾರೆ. ಅದು ಮುಗಿದ ಬೆನ್ನಿಗೇ ಗುಳೆ. ಮುಂಬೈ, ಪುಣೆ, ಬೆಂಗಳೂರು. ಕಟ್ಟಡದ ಕೆಲಸ. ಅಪ್ಪ ಅವ್ವ ಹೋಳಿಗೆ ತಿರುಗಿ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ನನ್ನ ತಂಗಿ ಅಜ್ಜಿ ಹತ್ತಿರ ಬೆಳೆದಳು. ಅವಳು ಮೊದಲ ಸಲ ಮೇರಾ ಹಾಡಿದ ವರ್ಷ ಅವ್ವ ಪುಣೆಯಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಕೂಲಿಗೆ ಕರೆದೊಯ್ಯುವ ಮುಕಾದಮನ ಹತ್ತಿರ ಮುಂಗಡ ಇಸಕೊಂಡಿದ್ದರು, ಮುಂಚೆಯೇ ಹೋಗಬೇಕಾಯಿತು.

ನನಗೆ ಜಗಳ ಮಾಡುವ ಮನಸ್ಸಿಲ್ಲ. ಆದರೆ ಬಿಡಬಹುದಾಗಿದ್ದನ್ನು ಬಿಡದವರ ನೋವು ಬೇರೆ, ಬಿಡಲು ಆಗದವರ ನೋವು ಬೇರೆ. ಈ ಚರ್ಚೆಯಲ್ಲಿ ಎರಡನೆಯದೂ ಇರಲಿ ಅಂತ ಬರೆದೆ.

ಮಾಳಿಗೆ ಮನೆ, ಕಲಬುರಗಿ

ಇರಲೇಬೇಕು ತಮ್ಮಾ. ಬರೆದದ್ದು ಒಳ್ಳೆಯದಾಯಿತು.

ತವರಿನ ದಾರಿ, ಸುರಪುರ

ನಾನು ಜಗಳದ ಬಗ್ಗೆ ಬರೆಯುತ್ತೇನೆ.

ನನ್ನ ಮದುವೆಯಾದದ್ದು 1994ಕ್ಕಿಂತ ಮೊದಲು. ಆ ವರ್ಷ ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಅಂತ ಕಾನೂನು ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಇಲ್ಲ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದ ಮೇಲೆ ನಮಗೂ ಬಂತು. ಅಪ್ಪ ಆಗ ಬದುಕಿರಬೇಕಾಗಿತ್ತಾ ಇಲ್ಲವಾ ಅನ್ನುವ ಗೊಂದಲ 2020ರಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು. ಬದುಕಿರಬೇಕಿಲ್ಲ ಅಂತು. ಇದನ್ನೆಲ್ಲ ನಾನು ಬಾಯಿಪಾಠ ಮಾಡಿದ್ದೇನೆ. ಯಾಕೆಂದರೆ ಅಣ್ಣಂದಿರು ‘ಸಹಿ ಹಾಕು’ ಅಂತ ಹಕ್ಕು ಬಿಡುಗಡೆ ಪತ್ರ ತಂದಾಗ ನಾನು ಹಾಕಲಿಲ್ಲ. ಯಜಮಾನರಿಗೆ ಕಾಯಿಲೆ ಇತ್ತು, ನನಗೆ ಇಬ್ಬರು ಹೆಣ್ಣುಮಕ್ಕಳು. ಕೇಳಿದ್ದು ನನ್ನ ಹಕ್ಕು. ಇವತ್ತೂ ಹಾಗೇ ಹೇಳುತ್ತೇನೆ.

ಅವತ್ತಿನಿಂದ ಪಂಚಮಿಗೆ ಕರೆಯಲು ಯಾರೂ ಬರಲಿಲ್ಲ.

ಪಂಚಮಿ ಅಂದರೆ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ಜೋಳದ ಅಳ್ಳು, ತಂಬಿಟ್ಟು, ಶೇಂಗಾ ಉಂಡಿ, ಎಳ್ಳುಂಡಿ ಡಬ್ಬಿ ತುಂಬ. ಕೊಬ್ಬರಿ ಬಟ್ಟಲಿಗೆ ದಾರ ಕಟ್ಟಿ ಗಿರಗಿರ ತಿರುಗಿಸುವ ಆಟ. ಮತ್ತೆ ಬೇವಿನ ಮರದ ಜೋಕಾಲಿ. ಹಗ್ಗ ಗಟ್ಟಿ ಇದೆಯಾ ಅಂತ ದೊಡ್ಡಣ್ಣ ಮೊದಲು ತಾನು ಜೋತು ಬಿದ್ದು ನೋಡುತ್ತಿದ್ದ. ಆಮೇಲೆ ನಾನು, ನನ್ನ ಗೆಳತಿ ಎದುರುಬದುರು ನಿಂತು ಜೀಕಿದರೆ ಸೀರೆ ಸೆರಗು ಎಲೆಗೆ ತಾಗಬೇಕು, ಅಷ್ಟು ಎತ್ತರ. ಮೂರು ಮಕ್ಕಳ ತಾಯಂದಿರೂ ಆ ದಿನ ಜೀಕುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ವರ್ಷದಲ್ಲಿ ಆ ಒಂದು ದಿನ ನಾವು ಯಾರ ಸೊಸೆಯೂ ಅಲ್ಲ.

ಪಾಲು ಬಂತು. ಎರಡು ಎಕರೆ. ಅದರಿಂದಲೇ ಮಕ್ಕಳು ಓದಿದರು. ಕೇಳಬಾರದಿತ್ತು ಅಂತ ನಾನು ಅನ್ನುವುದಿಲ್ಲ, ಬೇರೆ ಹೆಣ್ಣುಮಕ್ಕಳಿಗೂ ಹೇಳುವುದಿಲ್ಲ. ಸಿಟ್ಟು ಬರುವುದು ಬೇರೆಯದಕ್ಕೆ. ಹೊಲ ಕೇಳಿದರೆ ಜೋಕಾಲಿ ಯಾಕೆ ಬಿಡಬೇಕು? ಎರಡಕ್ಕೂ ಏನು ಸಂಬಂಧ? ಆಸ್ತಿ ಬೇಡ ಅಂದರೆ ಅರಿಶಿನ ಕುಂಕುಮ, ಆಸ್ತಿ ಬೇಕು ಅಂದರೆ ಬಾಗಿಲು ಬಂದ್. ಈ ಲೆಕ್ಕ ಹಾಕಿದವರು ಯಾರು?

ದೊಡ್ಡಣ್ಣ ಹೋಗಿಬಿಟ್ಟ. ಮಣ್ಣಿಗೆ ಹೋಗಿದ್ದೆ. ಅತ್ತಿಗೆ ನನ್ನ ಕೈ ಹಿಡಿದು, ‘ಪಂಚಮಿ ಬಂದಾಗೊಮ್ಮೆ ಹಗ್ಗ ತೆಗೆದು ನೋಡಿ ಮತ್ತ ಇಡ್ತಿದ್ರು’ ಅಂದಳು. ಅವನಿಗೂ ಬೇಕಾಗಿತ್ತು. ನನಗೂ ಬೇಕಾಗಿತ್ತು.

ಭೀಮಾ ದಂಡೆ, ಯಾದಗಿರಿ

ಅಕ್ಕಾ, ಏನು ಬರೆಯಬೇಕು ತಿಳಿಯುತ್ತಿಲ್ಲ. ನನ್ನ ತಂಗಿ ಸಹಿ ಹಾಕಿಕೊಟ್ಟಿದ್ದಾಳೆ. ಹಾಕಿಸಿಕೊಂಡವರಲ್ಲಿ ನಾನೂ ಇದ್ದೇನೆ. ಇವತ್ತೇ ಅವಳ ಹತ್ತಿರ ಮಾತಾಡುತ್ತೇನೆ.

ಕೋಟೆ ಮಣ್ಣು, ಬೀದರ್

ನಮ್ಮ ಅಬ್ಬಾ ಬಿದರಿ ಕೆಲಸದವರು. ಸತು ತಾಮ್ರ ಕರಗಿಸಿ ಎರಕ ಹೊಯ್ದು, ಉಳಿಯಿಂದ ಗೆರೆ ಕೊರೆದು, ಬೆಳ್ಳಿ ತಂತಿ ಕೂರಿಸುವುದು. ಕೊನೆಗೆ ಕೋಟೆಯ ಹಳೇ ಮಣ್ಣು, ನವಸಾಗರ ಹಾಕಿದ ಬಿಸಿ ನೀರಲ್ಲಿ ಅದ್ದಿ ಉಜ್ಜಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಯಾವ ಮಣ್ಣು ಸರಿ ಅಂತ ನಾಲಿಗೆಗೆ ಹಚ್ಚಿ ನೋಡುತ್ತಾರೆ. ಅಬ್ಬಾ ಒಂದು ಚಿಟಿಕೆ ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ‘ಇದಲ್ಲ’ ಅಂತ ಉಗುಳಿ ಇನ್ನೊಂದು ಕಡೆ ಕೆದಕುತ್ತಿದ್ದರು.

ಮಕ್ಕಳು ನಾವು ಕೋಟೆಗೆ ಹೋಗೋಣ ಅಂದರೆ ‘ಮೊನ್ನೆ ಹೋಗಿದ್ದೆನಲ್ಲ’ ಅನ್ನುತ್ತಿದ್ದರು. ಹೋಗಿದ್ದು ಮಣ್ಣಿಗೆ. ಮಳೆಗಾಲದಲ್ಲಿ ಕೋಟೆ ಹಸಿರಾಗಿ, ಕಂದಕದಲ್ಲಿ ನೀರು ನಿಂತು, ಊರವರೆಲ್ಲ ಬುತ್ತಿ ಕಟ್ಟಿಕೊಂಡು ಹೋದಾಗ ಅವರು ಕಾರ್ಖಾನೆಯಲ್ಲಿ ಬಗ್ಗಿ ಕೂತಿರುತ್ತಿದ್ದರು. ದೆಹಲಿ ಪ್ರದರ್ಶನಕ್ಕೆ ಸುರಾಹಿ ಮುಗಿಯಬೇಕು, ಪ್ರಶಸ್ತಿಗೆ ಹೆಸರು ಹೋಗಬೇಕು. ಈಗ ಕಣ್ಣಿನ ಶಕ್ತಿ ಕಡಿಮೆ. ಕಳೆದ ಮಳೆಗಾಲ ನಾನೇ ಆಟೋದಲ್ಲಿ ಕರೆದುಕೊಂಡು ಹೋದೆ. ಕಾಣದಿದ್ದರೂ ಗಾಳಿ ಬಂದ ಕಡೆ ಮುಖ ಮಾಡಿ ಕೂತರು. ಕೈ ಮಾತ್ರ ನೆಲ ಕೆದಕುತ್ತಲೇ ಇತ್ತು.

ಆದರೆ ಅವರ ಕೈಯಿಂದ ಬಂದ ಆ ಕೆಲಸ ನೋಡಿದರೆ ಇದನ್ನು ನಷ್ಟ ಅನ್ನಲು ನನಗೆ ಬಾಯಿ ಬರುವುದಿಲ್ಲ. ಎರಡೂ ನಿಜ.

ಅಲಾಯಿ ಕಟ್ಟೆ, ಶಹಾಪುರ

ನಮ್ಮದು ಇಡೀ ಊರಿನ ಕಥೆ.

ಮೊಹರಂ ಬಂದರೆ ಊರೆಲ್ಲ ಒಂದೇ. ಗೌಡರ ಮನೆಯವರು ಪೀರ್ ದೇವರಿಗೆ ಸಕ್ಕರೆ ಓದಿಸುತ್ತಿದ್ದರು. ನಮ್ಮ ಅಮ್ಮೀ ಚೊಂಗೆ ಮಾಡಿ ಓಣಿಯೆಲ್ಲ ಹಂಚುತ್ತಿದ್ದಳು. ರಾತ್ರಿ ಅಲಾಯಿ ಕುಣಿಯಲ್ಲಿ ಕಟ್ಟಿಗೆ ಉರಿಯುತ್ತಿದ್ದರೆ ಸುತ್ತ ಹೆಜ್ಜೆ. ಹುಲಿ ವೇಷ ಹಾಕುತ್ತಿದ್ದವನು ಒಬ್ಬ ಕುರುಬರ ಹುಡುಗ. ರಿವಾಯತ್ ಪದಗಳನ್ನು ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದವರು ಒಬ್ಬ ಲಿಂಗಾಯತ ಅಜ್ಜ. ಕರ್ಬಲದ ಕಥೆ ಕನ್ನಡದಲ್ಲಿ ಹಾಡಿ ಅವರು ಅಳುತ್ತಿದ್ದರು, ಕೇಳುವವರೂ ಅಳುತ್ತಿದ್ದರು.

ನಮ್ಮವರಲ್ಲಿ ಕೆಲವರು ಇದು ದೀನಿನಲ್ಲಿ, ಅಂದರೆ ನಮ್ಮ ಧರ್ಮದಲ್ಲಿ, ಇಲ್ಲ ಅಂದರು. ಆ ಕಡೆಯವರಲ್ಲಿ ಕೆಲವರು ಇದು ನಮ್ಮ ಹಬ್ಬ ಅಲ್ಲ ಅಂದರು. ಇಬ್ಬರೂ ತಮ್ಮ ತಮ್ಮ ದೇವರ ಮೇಲಿನ ಶ್ರದ್ಧೆಯಿಂದಲೇ ಹೇಳಿದ್ದು, ಸುಳ್ಳು ಹೇಳಿದವರಲ್ಲ. ಒಂದು ವರ್ಷ ಮೆರವಣಿಗೆ ದಾರಿಯ ಬಗ್ಗೆ ಮಾತಿಗೆ ಮಾತು ಬೆಳೆಯಿತು. ಮರುವರ್ಷ ಪೊಲೀಸರು ಬಂದು ನಿಂತರು. ಅದರ ಮುಂದಿನ ವರ್ಷ ಕುಣಿ ತೋಡಲಿಲ್ಲ. ಆ ಪದಗಳು ಆ ಅಜ್ಜನ ಜೊತೆಗೇ ಹೋದವು. ಬರೆದಿಟ್ಟವರಿಲ್ಲ.

ಈಗ ಊರಲ್ಲಿ ಭಕ್ತಿ ಜಾಸ್ತಿ ಇದೆ. ಗುಡಿಯೂ ದೊಡ್ಡದಾಗಿದೆ, ಮಸೀದಿಯೂ ದೊಡ್ಡದಾಗಿದೆ. ರಾತ್ರಿ ಒಂಬತ್ತಕ್ಕೆ ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಾರೆ.

ಶ್ರೀಶೈಲದ ದಾರಿ, ಆಳಂದ

ಭಾಯಿ, ಆ ಪದಗಳು ಬೇರೆ ಊರುಗಳಲ್ಲಿ ಇನ್ನೂ ಇವೆ. ನಮ್ಮ ಪಕ್ಕದ ಹಳ್ಳಿಯಲ್ಲಿ ಹಾಡುವವರಿದ್ದಾರೆ. ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೇನೆ. ನಿಮ್ಮ ಊರಿನ ಹುಡುಗರಿಗೆ ಕೇಳಿಸಿ.

ಲೈಬ್ರರಿ ಮೂಲೆ, ಕಲಬುರಗಿ

ಎಲ್ಲರೂ ದೊಡ್ಡವರು ಬರೆದಿದ್ದೀರಿ. ನನ್ನದು ಸಣ್ಣ ಪ್ರಶ್ನೆ.

ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದೇನೆ. ಸೇಡಂ ರಸ್ತೆ ಕಡೆ ರೂಮು. ಸಂವಿಧಾನದಲ್ಲಿ ನಮ್ಮ ಭಾಗಕ್ಕೆ 371(ಜೆ) ವಿಧಿ ಬಂದ ಮೇಲೆ ಅಪ್ಪನಿಗೆ ಭರವಸೆ, ನಮ್ಮ ಭಾಗದ ಹುಡುಗರಿಗೆ ಹುದ್ದೆ ಮೀಸಲು ಇದೆ, ನನ್ನ ಮಗನಿಗೂ ಸಿಗುತ್ತದೆ ಅಂತ. ಹೊಲ ಒತ್ತೆ ಇಟ್ಟು ದುಡ್ಡು ಕಳಿಸುತ್ತಾರೆ. ಒಂದು ದಿನ ಓದದಿದ್ದರೆ ಅವರ ದುಡ್ಡು ತಿಂದಂತೆ ಅನ್ನಿಸುತ್ತದೆ. ಹೋಳಿಯಾದ ಮೇಲೆ ಶರಣಬಸವೇಶ್ವರರ ತೇರು ಎಳೆದರಲ್ಲ, ಗೆಳೆಯರೆಲ್ಲ ಹೋದರು. ನಾನು ಹೋಗ್ಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ತೇರಿಗೆ ಉತ್ತತ್ತಿ ಎಸೆದ ಜಾತ್ರೆ ಅದು. ಅಕ್ಕನ ಮಗನ ಮೊದಲ ಕೂದಲು ತೆಗೆಸುವ ಜಾವಳಕ್ಕೂ ಹೋಗಲಿಲ್ಲ. ಅಕ್ಕ ಈಗ ಫೋನ್ ಮಾಡಿದರೆ ಎರಡೇ ಮಾತು ಆಡುತ್ತಾಳೆ.

ನಾನು ಮಾಡುತ್ತಿರುವುದು ಸರಿಯಾ?

ನಿವೃತ್ತ ಶಿಕ್ಷಕ, ಭಾಲ್ಕಿ

ಮಗಾ, ನಾನು ಮೇಲೆ ಬರೆದದ್ದನ್ನು ಇದಕ್ಕೆ ಹಚ್ಚಿಕೊಳ್ಳಬೇಡ. ಒಂದು ಸಂಜೆ ತೇರಿಗೆ ಹೋದರೆ ನೌಕರಿ ತಪ್ಪುವುದಿಲ್ಲ. ನಾನು ಬಹಳ ಹುಡುಗರಿಗೆ ಓದಿಸಿದ್ದೇನೆ. ಮೂಲೆಯಲ್ಲಿ ಕೂತು ತಮ್ಮನ್ನು ತಾವು ದಂಡಿಸಿಕೊಂಡವರಿಗಿಂತ ಹಬ್ಬಕ್ಕೆ ಊರಿಗೆ ಹೋಗಿ ಬಂದವರೇ ಚೆನ್ನಾಗಿ ಓದಿದ್ದು.

ನಿಮ್ಮ ಅಪ್ಪ ಹೊಲ ಒತ್ತೆ ಇಟ್ಟದ್ದು ನೀನು ನಗದೆ ಇರಲಿ ಅಂತ ಅಲ್ಲ. ಈ ಭಾನುವಾರ ಅಕ್ಕನ ಮನೆಗೆ ಹೋಗು. ಮಗುವಿಗೆ ಏನಾದರೂ ತೆಗೆದುಕೊಂಡು ಹೋಗು. ಪುಸ್ತಕ ಒಯ್ಯಬೇಡ.

ತವರಿನ ದಾರಿ, ಸುರಪುರ

ಹೋಗಪ್ಪಾ. ಅಕ್ಕಂದಿರಿಗೆ ಸಿಟ್ಟು ಬಂದರೂ ತಮ್ಮ ಬಾಗಿಲಲ್ಲಿ ನಿಂತರೆ ಚಹಾ ಇಡದೆ ಇರುವುದಿಲ್ಲ.

ಮತ್ತೆ ಚರ್ಚೆ ಶುರು ಮಾಡಿದ ಅಣ್ಣಾವ್ರಿಗೆ ಒಂದು ಪ್ರಶ್ನೆ. ಎಲ್ಲ ಬರೆದಿರಿ, ಇದೊಂದು ಬರೆಯಲಿಲ್ಲ. ನಿಮ್ಮ ಕಾಕಾ ಇದ್ದಾರಾ?

ಮಾಳಿಗೆ ಮನೆ, ಕಲಬುರಗಿ

ಇದ್ದಾರೆ ಅಕ್ಕಾರ. ಊರಲ್ಲೇ. ಕೇಸೂ ಇದೆ. ಕೆಳಗಿನ ಕೋರ್ಟು, ಅಪೀಲು, ಮತ್ತೆ ವಾಪಸ್ ಕೆಳಗೆ ಬಂದು ಕೂತಿದೆ. ಅಪ್ಪಾಜಿಯ ಜಾಗದಲ್ಲಿ ಈಗ ನನ್ನ ಹೆಸರು ಹತ್ತಿದೆ. ಕಾಕಾನ ಮಗ ನನ್ನ ಓರಗೆಯವನು, ಒಂದೇ ಮಾಳಿಗೆಯಲ್ಲಿ ಮಲಗಿ ಬೆಳೆದವರು. ಕೋರ್ಟಿನ ಕಟ್ಟೆಯಲ್ಲಿ ಕಂಡರೆ ಇಬ್ಬರೂ ಮೊಬೈಲ್ ನೋಡುತ್ತೇವೆ. ಬಾವಿ ಹೂಳು ತುಂಬಿ ಒಣಗಿದೆ. ಇನ್ನು ಯಾರಿಗೆ ಬಂದರೆ ಏನು?

ಕೋರ್ಟ್ ರಸ್ತೆ, ಕಲಬುರಗಿ

ನಾನು ವಕೀಲ. ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ, ಈಗ ಬರೆಯಬೇಕು ಅನ್ನಿಸಿತು.

ಪಾಲಿನ ದಾವೆ ಯಾಕೆ ಇಷ್ಟು ಉದ್ದ ಅಂತ ಜನರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಗೆದ್ದರೂ ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ಯಾರಿಗೆ ಎಷ್ಟು ಪಾಲು ಅಂತ ಮಾತ್ರ ಅದು ಹೇಳುತ್ತದೆ, ಯಾವ ತುಂಡು ಅಂತ ಅಲ್ಲ. ಅದಕ್ಕೆ ಅಂತಿಮ ಡಿಕ್ರಿ ಬೇರೆ ಆಗಬೇಕು. ಕಂದಾಯದ ಹೊಲ ಆದರೆ ಭಾಗ ಮಾಡಲು ಡಿಸಿ ಕಚೇರಿಗೆ ಹೋಗುತ್ತದೆ, ಅಲ್ಲಿಂದ ತಹಶೀಲ್ದಾರ್, ಸರ್ವೆ. ಪ್ರತಿ ಹಂತಕ್ಕೂ ತಕರಾರು, ಪ್ರತಿ ತಕರಾರಿಗೂ ಅಪೀಲು. ಮಧ್ಯೆ ಒಬ್ಬರು ತೀರಿಕೊಂಡರೆ ವಾರಸುದಾರರನ್ನು ಸೇರಿಸಬೇಕು. ನಿಮ್ಮ ಹೆಸರು ಹತ್ತಿದ್ದು ಹಾಗೇ. ಹೀಗೇ ಬಿಟ್ಟರೆ ನಿಮ್ಮ ಮಕ್ಕಳ ಹೆಸರೂ ಹತ್ತುತ್ತದೆ.

ಇಬ್ಬರೂ ಒಪ್ಪಿದರೆ ಲೋಕ ಅದಾಲತ್‌ನಲ್ಲಿ ಮುಗಿಸಬಹುದು. ಅಲ್ಲಿ ಆದ ರಾಜಿಗೆ ಡಿಕ್ರಿಯಷ್ಟೇ ಬೆಲೆ. ಅದರ ಮೇಲೆ ಅಪೀಲು ಇಲ್ಲ. ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ. ಎದುರು ಪಾರ್ಟಿಯ ವಕೀಲರು ಒಪ್ಪುವುದಿಲ್ಲ ಅಂತ ಮೊದಲೇ ಅಂದುಕೊಳ್ಳಬೇಡಿ. ನಾವೂ ಮನುಷ್ಯರೇ, ಅದೇ ಮುಖಗಳನ್ನು ಕಟ್ಟೆಯಲ್ಲಿ ಮುದುಕರಾಗುವವರೆಗೆ ನೋಡಲು ನಮಗೂ ಸಂಕಟ ಆಗುತ್ತದೆ. ಆದರೆ ಇಬ್ಬರ ಸಹಿಯೂ ಬೇಕು. ಅದನ್ನು ಯಾವ ವಕೀಲನೂ ತಂದುಕೊಡಲಾರ.

ಮಾಳಿಗೆ ಮನೆ, ಕಲಬುರಗಿ

ರಾತ್ರಿ ಕಾಕಾನ ಮಗನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಇಬ್ಬರೂ ಮಳೆ, ತೊಗರಿ ರೇಟು ಮಾತಾಡಿದೆವು. ಆಮೇಲೆ ಈ ಎಳ್ಳಮಾವಾಸ್ಯೆಗೆ ಹೊಲಕ್ಕೆ ಬರಲಾ ಅಂತ ಕೇಳಿದೆ. ‘ಯಾವ ಹೊಲಕ್ಕ?’ ಅಂದ. ಬಾವಿ ಹೊಲಕ್ಕೆ ಅಂದೆ. ‘ಅಪ್ಪನ್ನ ಕೇಳಿ ಹೇಳ್ತೀನಿ’ ಅಂದ. ಕಾಕಾ ಇನ್ನೂ ಹೂಂ ಅಂದಿಲ್ಲ, ಬೇಡವೂ ಅಂದಿಲ್ಲ. ಅತ್ತ ಕಾಕುನ ದನಿ ಕೇಳಿಸಿತು, ‘ಎಷ್ಟು ಮಂದಿ ಬರ್ತಾರಂತ ಕೇಳು’ ಅಂತ.

ವಕೀಲ ಸರ್, ರಾಜಿಗೆ ಏನೇನು ಕಾಗದ ಬೇಕು?

ಕೋರ್ಟ್ ರಸ್ತೆ, ಕಲಬುರಗಿ

ಇತ್ತೀಚಿನ ಪಹಣಿ, ಹಳೆಯ ಡಿಕ್ರಿಯ ನಕಲು, ಇಬ್ಬರ ಆಧಾರ್, ಅಪ್ಪಾಜಿಯ ಮರಣ ಪ್ರಮಾಣಪತ್ರ. ಯಾವ ಬದಿ ಯಾರಿಗೆ ಅಂತ ಒಪ್ಪಿದ ಮೇಲೆ ಸರ್ವೆಯವರಿಂದ 11ಇ ನಕ್ಷೆ, ಅಂದರೆ ಹೊಲದ ಭಾಗ ಗುರುತಿಸಿದ ನಕ್ಷೆ, ಮಾಡಿಸಬೇಕಾಗುತ್ತದೆ, ಅದಕ್ಕೆ ಸ್ವಲ್ಪ ದಿನ ಹಿಡಿಯುತ್ತದೆ. ನಿಮ್ಮ ವಕೀಲರಿಗೆ ಮೊದಲು ತಿಳಿಸಿ, ಅವರನ್ನು ಬಿಟ್ಟು ನನ್ನ ಹತ್ತಿರ ಬರಬೇಡಿ. ಆದರೆ ಹಬ್ಬದ ದಿನ ಹೊಲದಲ್ಲಿ ಕಾಗದದ ಮಾತು ಎತ್ತಬೇಡಿ ಸರ್. ಉಂಡು ಬನ್ನಿ. ಮುಂದಿನ ವಾರ ಮಾತಾಡಿದರೆ ಸಾಕು.